ಕಾಲಿಗೂ ಪಾಲು ಕೊಡಿ

ಹಾರ್ಮೋನಿಯಂ ನುಡಿಸುತ್ತ ಹಾಡುವವರಿಗೆ ಬಿಡುವಿರುವ ಕೈ ಇಲ್ಲ. ಒಂದು ಕೈ ತಿದಿ ಒತ್ತುತ್ತಿರುತ್ತದೆ, ಇನ್ನೊಂದು ಕರಿ-ಬಿಳಿ ಮನೆಗಳ ಮೇಲೆ ಓಡಾಡುತ್ತಿರುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಮಾತ್ರ ಮೂರನೆಯ ಕೈಯೊಂದು ಮೌಸಿನ ಮೇಲೆ ಇದ್ದೇ ಇರುತ್ತದೆ ಎಂದು ನಂಬಿಕೊಂಡಿದೆ. ಹಾಗಾಗಿ ಒಬ್ಬರೇ ಕೂತು ದೇವರನಾಮ ರೆಕಾರ್ಡ್ ಮಾಡಹೊರಟವರು ಬಟನ್ ಒತ್ತಿ, ಓಡಿಬಂದು ಕೂತು, ಏದುಸಿರಿನಲ್ಲೇ ಹಾಡು ಎತ್ತಿಕೊಳ್ಳಬೇಕು. ಪಲ್ಲವಿಯಲ್ಲೇ ತಪ್ಪಿದರೆ ಮತ್ತೆ ಏಳಬೇಕು. ಇಲ್ಲವೇ ಮಗನೋ ಸೊಸೆಯೋ ಆಫೀಸಿನಿಂದ ಬರುವವರೆಗೆ ಕಾಯಬೇಕು.

ಇದಕ್ಕೆ ಸುಲಭದ ಉಪಾಯ ಮಿಡಿ ಫುಟ್ ಕಂಟ್ರೋಲರ್. ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಪೆಡಲ್ ಪೆಟ್ಟಿಗೆ ಅದು. ಆದರೆ ಪುಣೆಯ ಈ ದೇಹೂ ರೋಡ್ ಕಡೆಯ ಕನ್ನಡದ ಮನೆಗಳಲ್ಲಿ ಇದನ್ನು ಹೇಳಿದಾಗ ಬರುವ ಮೊದಲ ಮಾತು ಬೆಲೆಯದ್ದಲ್ಲ. ‘ಅಯ್ಯ, ದೇವರ ಹಾಡಿಗೆ ಕಾಲು ಹಚ್ಚೂದೇನ್ರೀ?’

ನನ್ನ ಜಗಳ ಇರುವುದು ಈ ಪ್ರಶ್ನೆಯ ಜೊತೆ. ಪುಸ್ತಕಕ್ಕೋ ತಂಬೂರಿಗೋ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ, ನಿಜ. ಅದು ಗಮನವಿಲ್ಲದೆ ತಾಗಿದ್ದಕ್ಕೆ ಕೇಳುವ ಕ್ಷಮೆ. ಕಾಲು ಕೆಲಸವನ್ನೇ ಮಾಡಬಾರದು ಎಂಬ ಕಟ್ಟಳೆ ಅದರಲ್ಲಿ ಎಲ್ಲಿದೆ?

ನಮ್ಮ ಭಾಷೆಯನ್ನೇ ಕೇಳಿ ನೋಡಿ. ವೀಣೆಯಲ್ಲಿ 24 ಮೆಟ್ಟಿಲುಗಳಿವೆ. ಬೆರಳು ಓಡಾಡುವ ಜಾಗಕ್ಕೆ ಕನ್ನಡ ಕೊಟ್ಟ ಹೆಸರು ‘ಮೆಟ್ಟು’ ಎಂಬ ಕಾಲಿನ ಕ್ರಿಯಾಪದದಿಂದ ಬಂದದ್ದು. ಸರಸ್ವತಿಯ ವಾದ್ಯದಲ್ಲಿ ಆ ಪದ ಯಾರನ್ನೂ ನೋಯಿಸಿಲ್ಲ. ಇನ್ನೊಂದು ಕಡೆ ಕಾಲಿಗೆ ಅನ್ಯಾಯವನ್ನೂ ಮಾಡಿದ್ದೇವೆ. ‘ಕೈಮಗ್ಗ’ ಎನ್ನುತ್ತೇವೆ. ಆದರೆ ಅಲ್ಲಿ ಹಾಸಿನ ಎಳೆಗಳನ್ನು ಎತ್ತಿ ಇಳಿಸಿ ಹೊಕ್ಕಿಗೆ ದಾರಿ ಬಿಡಿಸುವುದು ನೇಕಾರರ ಕಾಲು. ದುಡಿಮೆ ಕಾಲಿನದು, ಹೆಸರು ಕೈಯದು. ದೇಹವನ್ನೇ ದೇಗುಲ ಮಾಡಿದ ಬಸವಣ್ಣನ ವಚನದಲ್ಲಿ ಕಾಲಿಗೆ ಸಿಕ್ಕ ಜಾಗ ಯಾವುದೆಂದು ನಿಮಗೆ ಗೊತ್ತೇ ಇದೆ.

ಭಕ್ತಿಸಂಗೀತದಿಂದ ಕಾಲನ್ನು ಹೊರಗಿಡುತ್ತೇವೆ ಎಂದರೆ ಪುರಂದರದಾಸರ ಗೆಜ್ಜೆಯನ್ನು ಎಲ್ಲಿ ಇಡುತ್ತೀರಿ? ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ದೇಹೂವಿನಿಂದ ಪ್ರತಿ ವರ್ಷ ತುಕಾರಾಮರ ಪಾಲಖಿ ಪಂಢರಪುರಕ್ಕೆ ಹೊರಡುತ್ತದೆ. ವಾರಕರಿಗಳ ಕೈಯಲ್ಲಿ ತಾಳ, ಕೊರಳಲ್ಲಿ ಮೃದಂಗ. ಹಾಡನ್ನು ಮುಂದಕ್ಕೆ ಒಯ್ಯುವುದು ಹೆಜ್ಜೆ.

‘ಗಿಟಾರ್ ಹುಡುಗರ ಯಂತ್ರ ನಮಗ್ಯಾಕೆ’ ಎನ್ನುವವರೂ ಇದ್ದಾರೆ. ಇವರು ಪರಂಪರೆ ಎಂದು ಅಪ್ಪಿಕೊಂಡಿರುವ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. 1940ರಲ್ಲಿ ಆಕಾಶವಾಣಿ ಅದನ್ನು ಬಹಿಷ್ಕರಿಸಿ ದಶಕಗಳ ಕಾಲ ದೂರವಿಟ್ಟಿತ್ತು. ನಮ್ಮ ಕಂಪನಿ ನಾಟಕಗಳ ಮೇಷ್ಟ್ರುಗಳೋ, ಎರಡೂ ಕೈ ಬಿಡುವಾಗಲಿ ಎಂದೇ ಕಾಲಿನಿಂದ ತಿದಿ ತುಳಿಯುವ ಲೆಗ್ ಹಾರ್ಮೋನಿಯಂ ನುಡಿಸಿದರು. ಆ ಪೆಟ್ಟಿಗೆಯಲ್ಲಿ ಬಂದ ರಂಗಗೀತೆಗಳನ್ನು ಕಾಲಿನ ಸಂಗೀತವೆಂದು ಯಾರೂ ತಳ್ಳಿಹಾಕಲಿಲ್ಲ.

ಉಳಿದದ್ದು ‘ಅದು ಇಂಜಿನಿಯರುಗಳ ಕೆಲಸ’ ಎಂಬ ಭಯ. ಪೆಡಲಿನಿಂದ ಸದ್ದು ಹೋಗುವುದಿಲ್ಲ, ಸಂಖ್ಯೆ ಹೋಗುತ್ತದೆ. ಮಿಡಿ ಎಂಬುದು 1983ರಲ್ಲಿ ಬಳಕೆಗೆ ಬಂದ, ವಾದ್ಯಗಳು ಪರಸ್ಪರ ಮಾತಾಡಿಕೊಳ್ಳುವ ಒಪ್ಪಂದ. ಜಪಾನಿನ ಕಾಕೆಹಾಶಿ, ಅಮೆರಿಕದ ಡೇವ್ ಸ್ಮಿತ್ ಮುಂದೆ ನಿಂತು ಅದನ್ನು ರೂಪಿಸಿದರು. ಯಾವ ಕಂಪನಿಯೂ ಶುಲ್ಕ ಕೊಡದೆ ಬಳಸಬಹುದಾದ ಒಪ್ಪಂದವದು. ಪೆಡಲ್ ಒತ್ತಿದರೆ ‘20ನೇ ನಂಬರು, ಬೆಲೆ 127’ ಎಂಬಂಥ ಸುದ್ದಿ ಹೋಗುತ್ತದೆ, ಅಷ್ಟೇ. ಆ 20ಕ್ಕೆ ಅರ್ಥ ಕೊಡುವವರು ನೀವು. ಶಬ್ದಕ್ಕೂ ಅರ್ಥಕ್ಕೂ ಹುಟ್ಟಿನಿಂದ ಬಂದ ನಂಟಿಲ್ಲ, ಇರುವುದು ಬಳಸುವವರ ಒಪ್ಪಿಗೆ ಎಂದು ಭಾಷಾವಿಜ್ಞಾನದ ಮೊದಲ ಪಾಠದಲ್ಲೇ ಹೇಳಿಕೊಡುತ್ತಾರೆ. ಇಲ್ಲೂ ಅದೇ.

ರೀಪರ್ ಎಂಬ ಸಾಫ್ಟ್‌ವೇರನ್ನೇ ತೆಗೆದುಕೊಳ್ಳಿ. ಯುಎಸ್‌ಬಿ ಪೆಡಲ್ ಸಿಕ್ಕಿಸಿ, ಪ್ರೆಫರೆನ್ಸಸ್‌ನ ಮಿಡಿ ಪಟ್ಟಿಯಲ್ಲಿ ಅದನ್ನು ‘ಕಂಟ್ರೋಲ್ ಮೆಸೇಜ್’ಗಳಿಗಾಗಿ ಆನ್ ಮಾಡಿ. ಆಕ್ಷನ್ ಪಟ್ಟಿ ತೆರೆದು ‘ರೆಕಾರ್ಡ್’ ಆರಿಸಿ, ‘ಆ್ಯಡ್’ ಒತ್ತಿ, ಪೆಡಲನ್ನೊಮ್ಮೆ ತುಳಿಯಿರಿ. ಮುಗಿಯಿತು. ಒಂದು ಬಿಟ್ಟು ಒಂದು ಸಲ ಮಾತ್ರ ಕೆಲಸ ಮಾಡಿದರೆ ಪೆಡಲ್ ‘ಲ್ಯಾಚ್’ ಕ್ರಮದಲ್ಲಿದೆ, ಅಂದರೆ ಒಮ್ಮೆ 127, ಮರುಸಲ 0 ಕಳಿಸುತ್ತಿದೆ. ಅದನ್ನು ‘ಮೊಮೆಂಟರಿ’ಗೆ ಬದಲಿಸಿ. 64ನೇ ನಂಬರು ಬೇಡ, ಅದು ಪಿಯಾನೋದ ಸಸ್ಟೇನ್ ಪೆಡಲಿಗೆ ಮೀಸಲು. ಪೆಡಲಿನ ಟಕ್ ಸದ್ದು ಮೈಕಿಗೆ ಬೀಳುತ್ತದೆ ಎಂಬ ದೂರು ನ್ಯಾಯವಾದದ್ದೇ. ಕೆಳಗೆ ಮಡಿಸಿದ ಕಂಬಳಿ ಹಾಸಿ, ಒತ್ತಿದ ಮೇಲೆ ಎರಡು ಕ್ಷಣ ಬಿಟ್ಟು ಹಾಡಿ, ಆ ತುಣುಕನ್ನು ಆಮೇಲೆ ಕತ್ತರಿಸಿ. ಚಕ್ಕಳಮಕ್ಕಳ ಕೂತು ಕಾಲು ಆಡದಿದ್ದರೆ ಹಾರ್ಮೋನಿಯಂ ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತುಕೊಳ್ಳಿ. ಲೆಗ್ ಹಾರ್ಮೋನಿಯಂ ಮೇಷ್ಟ್ರೂ ಕುರ್ಚಿಯಲ್ಲೇ ಕೂರುತ್ತಿದ್ದರು.

ಇಷ್ಟು ಸಣ್ಣ ಪೆಟ್ಟಿಗೆಗಾಗಿ ಇಷ್ಟು ಕಟುವಾಗಿ ಬರೆಯುವುದಕ್ಕೆ ಕಾರಣವಿದೆ. ಗದಗ, ಬಿಜಾಪುರ, ಕಲಬುರಗಿಯಿಂದ ಮಕ್ಕಳ ನೌಕರಿಯ ಹಿಂದೆ ಇಲ್ಲಿಗೆ ಬಂದ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಅವರವರ ತವರಿನ ಧಾಟಿಯ ದೇವರನಾಮ, ಹಂತಿಪದ, ಸೋಬಾನೆಗಳಿವೆ. ಹಾಡು ನೆನಪಾಗುವುದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ. ಬಟನ್ ಒತ್ತುವವರು ಬರುವುದು ರಾತ್ರಿ, ದಣಿದು. ‘ಮುಂದಿನ ಭಾನುವಾರ ನೋಡೋಣ’ ಎಂದು ಮುಂದೂಡಿದಷ್ಟೂ ಹಾಡುಗಳ ಸಾಲುಗಳು ಉದುರುತ್ತ ಹೋಗುತ್ತವೆ. ಮಡಿಯ ಹೆಸರಿನಲ್ಲಿ ಪೆಡಲನ್ನು ದೂರವಿಟ್ಟರೆ ಕಾಯುವವರು ಅವರೇ, ಕಳೆದುಕೊಳ್ಳುವವರು ನಾವು. ಹಾಡನ್ನು ಯಾವಾಗ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಧಿಕಾರ ಹಾಡುವವರದ್ದೇ ಆಗಿರಬೇಕು. ಅದು ಒಂದು ಪೆಡಲಿನಿಂದ ಸಿಗುವುದಾದರೆ, ಧೈರ್ಯವಾಗಿ ಕಾಲಿಡಿ.