ಸದ್ದಿಲ್ಲದ ಡ್ರಮ್ ಕೊಳ್ಳಬೇಕೆ?

ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಕೊಳ್ಳಬೇಕೋ ಬೇಡವೋ ಎಂದು ಕೇಳುವ ಹೆಚ್ಚಿನವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಮೇಲೊಂದು ಸಂಸಾರ, ಕೆಳಗೊಂದು ಸಂಸಾರ, ನಡುವೆ ಒಂದು ಬಾಡಿಗೆ ಫ್ಲ್ಯಾಟು. ಅಲ್ಲಿದ್ದುಕೊಂಡು ಮೂವತ್ತು ದಾಟಿದ ಮೇಲೆ ಡ್ರಮ್ ಕಲಿಯುವುದು ಆಗುವ ಮಾತೇ? ಮುಂಬೈ, ಪುಣೆ, ಚೆನ್ನೈಗಳಲ್ಲಿ ಮನೆ ಮಾಡಿರುವ ನಮಗೆ ಇದು ಗಂಭೀರ ಪ್ರಶ್ನೆಯೇ. ಆರಂಭದ ಮಟ್ಟದ ಕಿಟ್‌ಗೂ ಸುಮಾರು 30,000ದಿಂದ 50,000 ರೂಪಾಯಿ ಬೇಕು. ಪದಕ್ಕೆ ಒಂದೂವರೆ ರೂಪಾಯಿಯಂತೆ ಅನುವಾದ ಮಾಡುವ ನನ್ನ ಲೆಕ್ಕದಲ್ಲಿ 40,000 ಎಂದರೆ ಹತ್ತಿರಹತ್ತಿರ 27,000 ಪದ. ಒಂದು ಸಣ್ಣ ಪುಸ್ತಕದ ದುಡಿಮೆ.

ನನ್ನ ಉತ್ತರ: ಕೊಳ್ಳಬಹುದು. ಆದರೆ ಮೊದಲ ದಿನವೇ ಅಲ್ಲ, ಮತ್ತು ಅಂಗಡಿಯವರು ಹೇಳುವ ಕಾರಣಕ್ಕಂತೂ ಅಲ್ಲ.

ಈ ವಾದ್ಯ ಕೆಲಸ ಮಾಡುವ ಬಗೆ ಸರಳ. ಪ್ರತಿ ಪ್ಯಾಡಿನ ಅಡಿಯಲ್ಲಿ ಒಂದು ಸೆನ್ಸರ್ ಇರುತ್ತದೆ. ಏಟು ಬಿದ್ದಾಗ ಹುಟ್ಟುವ ಕಂಪನವನ್ನು ಅದು ವಿದ್ಯುತ್ ಸಂಕೇತವಾಗಿಸುತ್ತದೆ. ಮಾಡ್ಯೂಲ್ ಎಂಬ ಪೆಟ್ಟಿಗೆ ಆ ಸಂಕೇತಕ್ಕೆ ತಕ್ಕ ಡ್ರಮ್ಮಿನ ದನಿಯನ್ನು ನಿಮ್ಮ ಹೆಡ್‌ಫೋನಿಗೆ ಕಳಿಸುತ್ತದೆ. 1981ರಲ್ಲಿ ಬ್ರಿಟನ್ನಿನ ಸಿಮನ್ಸ್ ಕಂಪನಿ ತಂದ ಎಸ್‌ಡಿಎಸ್-5 ಕಿಟ್‌ನ ಆರು ಮೂಲೆಯ ಪ್ಯಾಡುಗಳು ಎಷ್ಟು ಗಟ್ಟಿಯಾಗಿದ್ದವೆಂದರೆ ನುಡಿಸುವವರ ಮಣಿಕಟ್ಟು ನೋಯುತ್ತಿತ್ತು. 1997ರಲ್ಲಿ ರೋಲ್ಯಾಂಡ್ ಕಂಪನಿ ಟಿಡಿ-10 ಕಿಟ್‌ನಲ್ಲಿ ಬಿಗಿದ ಜಾಲರಿಯ ಮೆಶ್ ಪ್ಯಾಡು ತಂದ ಮೇಲೆ ಕೋಲು ಚರ್ಮದ ಮೇಲೆ ಪುಟಿದಂತೆ ಪುಟಿಯತೊಡಗಿತು. ಈಗ ಕಡಿಮೆ ಬೆಲೆಯ ಕಿಟ್‌ಗಳಲ್ಲೂ ಮೆಶ್ ಸಿಗುತ್ತದೆ. ಇದನ್ನು ಕೊಳ್ಳುವ ಮಾತಿಗೆ ಅರ್ಥ ಬಂದಿರುವುದೇ ಅದರಿಂದ.

‘ಸದ್ದೇ ಇಲ್ಲ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಮಾಮೂಲಿ ಡ್ರಮ್ ಕಿಟ್ ಹತ್ತಿರದಲ್ಲಿ 100 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಇಟ್ಟಿರುವ ಮಿತಿ ಹಗಲು 55, ರಾತ್ರಿ 45. ಅದರ ಮುಂದೆ ಮೆಶ್ ಪ್ಯಾಡಿನ ಸದ್ದು ಏನೂ ಅಲ್ಲ, ಪಕ್ಕದ ಮನೆಯವರಿಗೆ ಕೇಳುವುದೂ ಇಲ್ಲ. ತೊಂದರೆ ಇರುವುದು ಕಾಲಿನಲ್ಲಿ. ಕಿಕ್ ಪೆಡಲ್ ತುಳಿದಾಗಲೆಲ್ಲ ಆ ಏಟು ಸ್ಟ್ಯಾಂಡಿನ ಮೂಲಕ ನೆಲಕ್ಕಿಳಿದು, ಕಾಂಕ್ರೀಟಿನ ಗುಂಟ ಕೆಳಗಿನ ಮನೆಯ ಚಾವಣಿಗೆ ತಲುಪುತ್ತದೆ. ಕಿಟಕಿ ಬಾಗಿಲು ಮುಚ್ಚಿ ಏನೂ ಪ್ರಯೋಜನವಿಲ್ಲ.

ನನ್ನ ಕಿಟ್ ಬಂದ ವಾರವೇ ಅಕ್ಕನ ಮಗನನ್ನು ಅದರ ಮುಂದೆ ಕೂರಿಸಿ ನಾನು ಕೆಳಗಿನ ಮನೆಗೆ ಹೋದೆ. ಅಲ್ಲಿ ಸ್ನೇರ್ ಇಲ್ಲ, ಸಿಂಬಲ್ ಇಲ್ಲ, ಧಪ್ ಧಪ್ ಎಂಬುದೊಂದೇ. ‘ನಿಮ್ಮ ಮನೇಲಿ ಮಿಕ್ಸಿ ಕೆಟ್ಟಿದೆಯೇನು, ಏನು ಕುಟ್ಟುತ್ತಿದ್ದೀರಿ?’ ಎಂದು ಆ ಮನೆಯ ಅಜ್ಜಿ ಮರಾಠಿಯಲ್ಲಿ ಕೇಳಿದರು. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ, ಅದರ ಮೇಲೆ ಕಿಟ್ ಇಟ್ಟ ಮೇಲೆ ಕುಟ್ಟುವ ಸದ್ದು ಬಹಳ ಇಳಿಯಿತು. ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ಮಾತಿನಲ್ಲಿ ಬಗೆಹರಿಸಿಕೊಂಡೆವು: ಸಂಜೆ ಐದರಿಂದ ಆರು ಆಗಬಹುದು, ಅವರು ಮಲಗುವ ಮಧ್ಯಾಹ್ನದ ಹೊತ್ತು ಬೇಡ. ಹಾಗಾಗಿ ಕಿಟ್‌ನ ಬೆಲೆಗೆ ಹಲಗೆ, ಚೆಂಡು, ರಬ್ಬರ್ ಮ್ಯಾಟಿನ ಖರ್ಚನ್ನೂ ಕೆಳಗಿನ ಮನೆಯವರ ಒಪ್ಪಿಗೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಇನ್ನು, ಇದು ನಿಜವಾದ ಡ್ರಮ್ಮೇ ಅಲ್ಲ ಎಂಬ ಆಕ್ಷೇಪ. ಭಾಷಾಶಾಸ್ತ್ರ ಓದಿದ ನನಗೆ ಇಲ್ಲಿ ಲಿಪಿಯ ನೆನಪಾಗುತ್ತದೆ. ‘ಹೌದಾ’ ಎಂಬುದನ್ನು ನಾವು ಹತ್ತು ರಾಗದಲ್ಲಿ ಹೇಳುತ್ತೇವೆ. ಅಚ್ಚರಿ, ಅನುಮಾನ, ಬೇಸರ, ವ್ಯಂಗ್ಯ, ಎಲ್ಲ ಆ ರಾಗದಲ್ಲೇ ಇದೆ. ಬರೆಯುವಾಗ ಮಾತ್ರ ಎರಡೇ ಅಕ್ಷರ. ಎಲೆಕ್ಟ್ರಾನಿಕ್ ಕಿಟ್ ಕೂಡ ಏಟನ್ನು ಹೀಗೆಯೇ ಬರೆದುಕೊಳ್ಳುತ್ತದೆ. ಮಿಡಿ ಎಂಬ ಸಂಕೇತ ಪದ್ಧತಿಯಲ್ಲಿ ಏಟಿನ ಬಲವೆಂದರೆ 1ರಿಂದ 127ರೊಳಗಿನ ಒಂದು ಅಂಕಿ. ಯಾವಾಗ ಹೊಡೆದಿರಿ, ಎಷ್ಟು ಬಲವಾಗಿ ಹೊಡೆದಿರಿ, ನಡುವಿಗೋ ಅಂಚಿಗೋ ಎಂಬಷ್ಟು ಅದಕ್ಕೆ ಗೊತ್ತಾಗುತ್ತದೆ. ಬ್ರಷ್ಷಿನಿಂದ ಚರ್ಮವನ್ನು ಸವರುವುದು, ಸಿಂಬಲ್ಲಿನ ಅಂಚು ಮತ್ತು ಗುಬುಟಿನ ನಡುವಿನ ನೂರು ಬಣ್ಣ, ಕೇಳಿಯೂ ಕೇಳದಷ್ಟು ಮೆಲುವಾದ ಸ್ನೇರಿನ ಏಟು, ಇವುಗಳಲ್ಲಿ ಬಹಳಷ್ಟನ್ನು ಕಡಿಮೆ ಬೆಲೆಯ ಕಿಟ್ ಹಿಡಿಯಲಾರದು. ಜೊತೆಗೆ ಅದು ಸೋಮಾರಿ ಕೈಗೂ ಸ್ಟುಡಿಯೋದಲ್ಲಿ ಮುದ್ರಿಸಿದ ಸೊಗಸಾದ ದನಿಯನ್ನೇ ಕೊಡುತ್ತದೆ. ಕಲಿಯುವವರಿಗೆ ದೊಡ್ಡ ಅಪಾಯ ಇದೇ.

ನಮ್ಮ ಸಂಗೀತಕ್ಕೆ ಯಂತ್ರವೇನೂ ಹೊಸದಲ್ಲ. ಬೆಂಗಳೂರಿನ ರೇಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ, ಶ್ರುತಿ ಪೆಟ್ಟಿಗೆಗಳು ದಶಕಗಳಿಂದ ಕಛೇರಿಯ ವೇದಿಕೆಯ ಮೇಲಿವೆ. ಆದರೆ ಮೃದಂಗದ ಜಾಗವನ್ನು ಯಾರೂ ಯಂತ್ರಕ್ಕೆ ಬಿಟ್ಟುಕೊಟ್ಟಿಲ್ಲ. ಶ್ರುತಿ ಸ್ಥಿರವಾಗಿದ್ದರೆ ಸಾಕು. ಮೃದಂಗ ಹಾಡುವವರನ್ನು ಕೇಳಿಸಿಕೊಂಡು ಉತ್ತರ ಕೊಡಬೇಕು. ಡ್ರಮ್ ಕೂಡ ಹಾಗೆಯೇ. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕಲಿತವರಿಗೆ ಲಯ ಬರುತ್ತದೆ, ಕೈಕಾಲು ಬೇರೆಬೇರೆಯಾಗಿ ಓಡುವುದು ಬರುತ್ತದೆ. ಗಿಟಾರಿನವರು ಮೆಲ್ಲಗಾದಾಗ ತಾನೂ ಮೆಲ್ಲಗಾಗುವುದು ಬರುವುದಿಲ್ಲ.

ಹೀಗಿದ್ದೂ ಕೊಳ್ಳಬಹುದು ಎನ್ನುವುದೇಕೆ? ಲಿಪಿ ಮಾತಿನ ಎಲ್ಲವನ್ನೂ ಹಿಡಿಯುವುದಿಲ್ಲವೆಂದು ಯಾರೂ ಓದುಬರಹ ಬಿಡುವುದಿಲ್ಲ. ದಿನಕ್ಕೆ ನಲವತ್ತು ನಿಮಿಷ ಈ ಅರೆಬರೆ ವಾದ್ಯದ ಮುಂದೆ ಕೂರುವವರು, ‘ಎಂದಾದರೂ ಸ್ವಂತ ಮನೆಯಾದಾಗ ನಿಜವಾದದ್ದನ್ನೇ ಕೊಳ್ಳುತ್ತೇನೆ’ ಎಂದು ಹತ್ತು ವರ್ಷ ಕಾಯುವವರಿಗಿಂತ ಡ್ರಮ್ಮಿಗೆ ಹತ್ತಿರವಿರುತ್ತಾರೆ.

ಕೊಳ್ಳುವ ಕ್ರಮ ಹೀಗಿರಲಿ. ಮೊದಲ ಮೂರು ತಿಂಗಳು ಒಂದು ಪ್ರಾಕ್ಟೀಸ್ ಪ್ಯಾಡು, ಒಂದು ಜೊತೆ ಕೋಲು ಸಾಕು. ಅಷ್ಟು ದಿನವೂ ಬೇಸರವಿಲ್ಲದೆ ಕೂತರೆ ಮಾತ್ರ ಕಿಟ್. ಆಗಲೂ ಮಾಡ್ಯೂಲಿನಲ್ಲಿ ಎಷ್ಟು ನೂರು ದನಿಗಳಿವೆ ಎಂದು ನೋಡಬೇಡಿ, ನೀವು ಬಳಸುವುದು ಎರಡೋ ಮೂರೋ. ನೋಡಬೇಕಾದದ್ದು ಸ್ನೇರ್ ಪ್ಯಾಡಿನ ಅಗಲ, ಪೆಡಲ್ಲಿನ ಗುಣ, ಸ್ಟ್ಯಾಂಡಿನ ಗಟ್ಟಿತನ. ಬೀಟರ್ ಇಲ್ಲದ ಪೆಡಲ್ ಕೆಳಗಿನ ಮನೆಯವರಿಗೆ ಹಿತ, ಆದರೆ ಕಾಲಿಗೆ ನಿಜವಾದ ತೂಕ ತಿಳಿಯುವುದಿಲ್ಲ. ಹೆಡ್‌ಫೋನ್, ಕೂರುವ ಸ್ಟೂಲು ಹಲವು ಬಾರಿ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅದಕ್ಕೂ ಹಣ ಎತ್ತಿಡಿ. ಹೆಡ್‌ಫೋನಿನ ದನಿ ಏರಿಸಿ ನುಡಿಸಬೇಡಿ, ನೆರೆಯವರ ಕಿವಿ ಉಳಿಸಲು ಹೋಗಿ ನಿಮ್ಮ ಕಿವಿ ಕೆಡಬಾರದು. ನಗರಗಳಲ್ಲಿ ಊರು ಬಿಡುವವರು ಮಾರುವ ಸೆಕೆಂಡ್ ಹ್ಯಾಂಡ್ ಕಿಟ್‌ಗಳೂ ಸಿಗುತ್ತವೆ. ಪ್ರತಿ ಪ್ಯಾಡನ್ನೂ ಮೆಲ್ಲಗೆ, ಆಮೇಲೆ ಜೋರಾಗಿ ಹೊಡೆದು ನೋಡಿ ತನ್ನಿ.

ಮನೆಯ ಹತ್ತಿರವೇ ಜ್ಯಾಮ್ ರೂಮ್ ಇದ್ದು, ವಾರಕ್ಕೆ ಮೂರು ದಿನ ಹೋಗುವ ಬಿಡುವು ನಿಮಗಿದ್ದರೆ ಈ ಕಿಟ್ ಬೇಡವೇ ಬೇಡ. ಗಂಟೆಗೆ ಕೆಲವು ನೂರು ರೂಪಾಯಿ ಕೊಟ್ಟು ನಿಜವಾದದ್ದನ್ನೇ ನುಡಿಸಿ. ಕಿಟ್ ಕೊಂಡವರೂ ತಿಂಗಳಿಗೆ ಎರಡು ಸಲವಾದರೂ ಅಲ್ಲಿಗೆ ಹೋಗಬೇಕು, ಸಾಧ್ಯವಾದರೆ ಗಿಟಾರ್ ನುಡಿಸುವ ಗೆಳೆಯರೊಬ್ಬರ ಜೊತೆ. ಆ ಎರಡು ಗಂಟೆಯ ಬಾಡಿಗೆಯನ್ನು ತಿಂಗಳ ಖರ್ಚಿನಲ್ಲಿ ಸೇರಿಸಲು ಆಗುವುದಿಲ್ಲವೆಂದಾದರೆ, ಕಿಟ್‌ನ ಬೆಲೆಯನ್ನೇ ಒಂದು ಮೆಟ್ಟಿಲು ಇಳಿಸಿ.