ಕಳ್ಳಿಗೆ ಅಂಕ ಕೊಡುವವರಾರು?

ಬೆಂಗಳೂರಿನಿಂದ ಮೂಡುಬಿದಿರೆಗೆ ಬಂದ ಮಿತ್ರರೊಬ್ಬರು ತಮ್ಮ ಕಿರುಪುಸ್ತಕವೊಂದನ್ನು ನನ್ನ ಮುಂದೆ ಹಿಡಿದರು. ಕುಡಿದ ಬಿಯರುಗಳಿಗೆಲ್ಲ ಅದರಲ್ಲಿ ಅಂಕ! ಹುರಿದ ಬಾರ್ಲಿಯ ಸ್ಟೌಟಿಗೆ 10ಕ್ಕೆ 8, ಗೋಧಿಯದಕ್ಕೆ 6, ಬೆಲ್ಜಿಯಮಿನ ಲ್ಯಾಂಬಿಕ್ಕಿಗೆ 9. ಅದೇಕೆ ಅಷ್ಟು? ಅದು ಗಾಳಿಯಲ್ಲಿ ತೇಲಿಬಂದ ಕಾಡು ಯೀಸ್ಟಿನಿಂದ ತಾನಾಗಿ ಹುದುಗುವಂಥದು.

“ನಮ್ಮ ಕಳ್ಳೂ ಹಾಗೆಯೇ ಹುದುಗುವುದಲ್ಲವೇ ಸ್ವಾಮೀ, ಅದಕ್ಕೆಷ್ಟು?” ಎಂದೆ. ಮಿತ್ರರು ಮೂಗು ಮುರಿದರು.

ಆ ಮೂಗಿನ ಮೇಲೆಯೇ ನನ್ನ ಆಕ್ಷೇಪ. ತೆಂಗಿನ ಕಳ್ಳು ಬೇರೆ, ತಾಳೆಯದು ಬೇರೆ, ಬೈನೆಯದು ಬೇರೆ. ಬೆಳಗ್ಗೆ ಇಳಿಸಿದ್ದು ಸಿಹಿ. ಸಂಜೆಗೆ ಅದೇ ಹುಳಿ. ಬಂಟ್ವಾಳ, ಬೆಳ್ತಂಗಡಿಗಳ ಮೂರ್ತೆದಾರನಿಗೆ ಈ ಭೇದಗಳೆಲ್ಲ ಕರತಲಾಮಲಕ. ಅವನು ದಿನವೂ ಬೆಳಗ್ಗೆ ಸಂಜೆ ಮರವೇರಿ ಹೊಂಬಾಳೆ ಕೆತ್ತುತ್ತಾನೆ. ಮಳೆಗಾಲದಲ್ಲಿ ಕಾಲು ಜಾರಿತೋ, ಸಂಸಾರವೇ ಬೀದಿಪಾಲು. ಆದರೂ ಬಿಯರು ಮಾಡುವವನು ಕುಶಲಿ, ಇವನು ಕೀಳು!

ಕಳ್ಳು ಇಳಿಸಬೇಡಿ, ಕುಡಿಯಬೇಡಿ ಎಂದು ನಾರಾಯಣ ಗುರುಗಳೇ ಹೇಳಲಿಲ್ಲವೇ ಎಂದು ಕೇಳಬಹುದು. ಹೇಳಿದರು. 1912ರಲ್ಲಿ ಕುದ್ರೋಳಿಯ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಆ ಗುರುಗಳ ಮಾತಿಗೆ ನಾನೂ ತಲೆಬಾಗುತ್ತೇನೆ. ಆದರೆ ಬಡವನ ಮಡಕೆ ಹೊಲಸು, ಸಿರಿವಂತನ ಗಾಜಿನ ಲೋಟ ಪವಿತ್ರ ಎಂದು ಅವರೆಲ್ಲಿ ಹೇಳಿದರು?

ಕುಡಿಯದವನು ಕಳ್ಳನ್ನು ಹಳಿಯಲಿ, ಒಪ್ಪುತ್ತೇನೆ. ಲ್ಯಾಂಬಿಕ್ಕಿಗೆ 9 ಕೊಟ್ಟವರಿಗೆ ಆ ಹಕ್ಕಿಲ್ಲ. ಅವರು ಅಂಕ ಹಾಕಿದ್ದು ರುಚಿಗೋ, ಇಳಿಸಿದವನ ಜಾತಿಗೋ, ಮೊದಲು ಅದನ್ನು ಹೇಳಲಿ.