ಬಾಡಿಗೆ ಮನೆಗಳಲ್ಲಿ ಮಾದಕವಸ್ತುವಿನ ಗುಮಾನಿ: ಲಿಖಿತ ಕಾರ್ಯವಿಧಾನ ಕೋರಿ ಮನವಿ

ಗೆ,
ಮಾನ್ಯ ಅಪರ ಮುಖ್ಯ ಕಾರ್ಯದರ್ಶಿಗಳು,
ಒಳಾಡಳಿತ ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ವಿಷಯ: ಬಾಡಿಗೆ ಮನೆಯಲ್ಲಿ ಮಾದಕವಸ್ತು ಇದೆಯೆಂಬ ಗುಮಾನಿ ಬಂದಾಗ ಮಾಲೀಕರು, ಬಾಡಿಗೆದಾರರು ಮತ್ತು ಪೊಲೀಸರು ಅನುಸರಿಸಬೇಕಾದ ಕ್ರಮದ ಬಗ್ಗೆ ಸುತ್ತೋಲೆ ಹೊರಡಿಸುವ ಕುರಿತು.

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರೂ ಬಾಡಿಗೆಗೆ ಇರುವವರೂ ಸೇರಿ ಸಲ್ಲಿಸುತ್ತಿರುವ ಮನವಿ ಇದು. ಈ ಎರಡು ಕಡೆಯವರು ಒಂದೇ ಕಾಗದಕ್ಕೆ ಸಹಿ ಹಾಕುವುದು ಅಪರೂಪ. ಅಡ್ವಾನ್ಸ್ ಹಣದ ಮಾತು ಬಂದರೆ ನಮ್ಮೊಳಗೂ ತಕರಾರು ತಪ್ಪಿದ್ದಲ್ಲ. ಆದರೂ ಮನೆಯಲ್ಲಿ ಗಾಂಜಾ, ಎಂಡಿಎಂಎ ಇತ್ಯಾದಿ ಇದೆಯೆಂಬ ಗುಮಾನಿ ಹುಟ್ಟಿದ ಮೇಲೆ ನಡೆಯುವುದೆಲ್ಲ ಬಾಯಿಮಾತಿನಲ್ಲೇ ನಡೆಯುವುದರಿಂದ ಇಬ್ಬರಿಗೂ ಕೇಡಾಗುತ್ತಿದೆ, ತನಿಖೆಗೂ ಉಪಯೋಗವಾಗುತ್ತಿಲ್ಲ ಎಂಬುದರಲ್ಲಿ ನಾವು ಒಮ್ಮತದಿಂದಿದ್ದೇವೆ. ಕಾಯ್ದೆಯನ್ನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ. ಗುಮಾನಿ ಬಂದ ದಿನದಿಂದ ಮನೆ ಖಾಲಿಯಾಗುವ ದಿನದವರೆಗೆ ಯಾರು ಏನು ಮಾಡಬಹುದು, ಏನು ಮಾಡಬಾರದು ಎಂಬುದು ಬರವಣಿಗೆಯಲ್ಲಿ ಇರಲಿ ಎಂಬುದಷ್ಟೇ ನಮ್ಮ ಕೋರಿಕೆ.

ತೊಡಕಿನ ಮೂಲ ಇರುವುದು 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಕಲಮಿನಲ್ಲಿ. ತನ್ನ ಮನೆಯನ್ನೋ ಕೋಣೆಯನ್ನೋ ಇನ್ನೊಬ್ಬರು ಈ ಕಾಯ್ದೆಯಡಿಯ ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟ ಮಾಲೀಕನಿಗೆ ಆ ಅಪರಾಧಕ್ಕೆ ಇರುವ ಶಿಕ್ಷೆಯೇ ಅನ್ವಯಿಸುತ್ತದೆ. ಒಳಗಿರುವವರು ಗಾಂಜಾ ಸೇದಿದ್ದರೆ 27ನೇ ಕಲಮಿನ ಪ್ರಕಾರ ಹೆಚ್ಚೆಂದರೆ ಆರು ತಿಂಗಳ ಸೆರೆ, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಅದೇ ಕೋಣೆಯಲ್ಲಿ ವಾಣಿಜ್ಯ ಪ್ರಮಾಣದ ಸರಕು ಸಿಕ್ಕಿದರೆ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿಣ ಸಜೆ, ಕನಿಷ್ಠ ಒಂದು ಲಕ್ಷ ದಂಡ; ಜಾಮೀನಿಗೂ 37ನೇ ಕಲಮಿನ ಬಿಗಿ ಷರತ್ತು. ಗಾಂಜಾಕ್ಕೆ ಈ ಪ್ರಮಾಣ 20 ಕಿಲೋ, ಎಂಡಿಎಂಎಗೆ ಕೇವಲ 10 ಗ್ರಾಂ, ಅಂದರೆ ಅಂಗಿಯ ಜೇಬಿನಲ್ಲಿ ಅಡಗುವಷ್ಟು. ಮೇಲಿನ ಮಹಡಿಯಿಂದ ಹೊಗೆಯ ವಾಸನೆ ಬಂತೆಂದು ಗಾಬರಿಯಾದ ಮಾಲೀಕನಿಗೆ ತನ್ನ ಹೊಣೆ ಆರು ತಿಂಗಳಿನದೋ ಇಪ್ಪತ್ತು ವರ್ಷದ್ದೋ ಎಂದು ತಿಳಿಯುವ ದಾರಿಯೇ ಇಲ್ಲ. ಆ ಭಯದಲ್ಲಿ ಅವನು ಮಾಡುವುದು ಒಂದೇ: ರಾತ್ರೋರಾತ್ರಿ ಸಾಮಾನು ಹೊರಗೆ ಹಾಕಿಸಿ ಬೀಗ ಬದಲಿಸುವುದು. ಪಿಜಿಗಳಲ್ಲಿ ಇದಕ್ಕೆ ರಾತ್ರಿಯೂ ಬೇಕಾಗುವುದಿಲ್ಲ.

ಆ ಕಲಮಿನ ಜೀವ ‘ತಿಳಿದೂ’ ಎಂಬ ಮಾತಿನಲ್ಲಿದೆ ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಭೋಲಾ ಸಿಂಗ್ ಪ್ರಕರಣದಲ್ಲಿ (2011) ಲಾರಿಯೊಂದರ ಮಾಲೀಕತ್ವವನ್ನೇ ಆಧರಿಸಿ ವಿಧಿಸಿದ್ದ ಶಿಕ್ಷೆಯನ್ನು ಅದು ರದ್ದುಪಡಿಸಿತು. ಮಾಲೀಕನಿಗೆ ಗೊತ್ತಿತ್ತು ಎಂಬುದನ್ನು ಅಭಿಯೋಜನೆ ಮೊದಲು ತೋರಿಸಬೇಕು, 35ನೇ ಕಲಮಿನ ಪೂರ್ವಭಾವನೆ ಬರುವುದು ಅದಾದ ಮೇಲೆ ಎಂದಿತು. ಗುಮಾನಿ ಪಟ್ಟವನು ಹಾಗಾದರೆ ‘ತಿಳಿದವನು’ ಆದನೇ? ಠಾಣೆಗೆ ಹೋಗಿ ಹೇಳಿದರೆ, ಇಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದೆ ಎಂದು ತನ್ನ ಮೇಲೇ ಕೇಸು ಬೀಳಬಹುದೇ? ಇದಕ್ಕೆ ಅಧಿಕೃತವಾದ ಉತ್ತರ ಕೈಯಲ್ಲಿ ಇಲ್ಲದಿರುವುದರಿಂದಲೇ ಜನ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಓಡಿಸಲ್ಪಟ್ಟ ಬಾಡಿಗೆದಾರ ನಿಜಕ್ಕೂ ಮಾರಾಟಗಾರನಾಗಿದ್ದರೆ ಮುಂದಿನ ಬಡಾವಣೆಯಲ್ಲಿ ಇನ್ನೊಂದು ಟು-ಲೆಟ್ ಬೋರ್ಡ್ ಹುಡುಕಿಕೊಳ್ಳುತ್ತಾನೆ. ಸಿಗಬೇಕಾಗಿದ್ದ ಸಾಕ್ಷ್ಯವೂ ಅವನ ಜೊತೆಗೇ ಗಂಟುಮೂಟೆ ಕಟ್ಟುತ್ತದೆ.

ಮನೆ ತನ್ನದು, ಒಳಗೆ ಹೋಗಿ ನೋಡುವ ಹಕ್ಕು ತನಗಿಲ್ಲವೇ ಎಂಬ ಮಾಲೀಕರ ಪ್ರಶ್ನೆ ಸಹಜವಾದದ್ದು. ಆದರೆ ಬಾಡಿಗೆ ಪಡೆದು ಸ್ವಾಧೀನ ಕೊಟ್ಟ ಮೇಲೆ ನೆಮ್ಮದಿಯಾಗಿ ಅನುಭವಿಸುವ ಹಕ್ಕನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಬಾಡಿಗೆದಾರನಿಗೆ ಕೊಡುತ್ತದೆ. ನೆಲೆಯಾದ ಸ್ವಾಧೀನದಲ್ಲಿರುವವನನ್ನು, ಅವನಿಗೆ ಅಲ್ಲಿರುವ ಹಕ್ಕು ಇಲ್ಲವೆಂದು ಇಟ್ಟುಕೊಂಡರೂ, ಕಾನೂನಿನ ಮೂಲಕವೇ ತೆರವು ಮಾಡಿಸಬೇಕೆಂದು 1989ರ ಕೃಷ್ಣರಾಮ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಲವಂತವಾಗಿ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಇದಕ್ಕಿಂತ ದೊಡ್ಡ ಅಪಾಯ ಮಾಲೀಕನಿಗೇ ಇದೆ. ನಕಲಿ ಕೀಲಿಯಿಂದ ಬಾಗಿಲು ತೆಗೆದು ಪೊಟ್ಟಣವೊಂದನ್ನು ಕೈಗೆ ತೆಗೆದುಕೊಂಡ ಕ್ಷಣ ಆ ಪೊಟ್ಟಣ ಅವನ ವಶದಲ್ಲಿರುತ್ತದೆ. ವಶದಲ್ಲಿದ್ದವನೇ ಲೆಕ್ಕ ಕೊಡಬೇಕೆಂದು ಎನ್‌ಡಿಪಿಎಸ್ ಕಾಯ್ದೆಯ 54ನೇ ಕಲಂ ಹೇಳುತ್ತದೆ. ಪಂಚರಿಲ್ಲದೆ, ಮಹಜರಿಲ್ಲದೆ ಸಿಕ್ಕ ವಸ್ತುವನ್ನು ಮಾಲೀಕನೇ ತಂದಿಟ್ಟದ್ದು ಎಂದು ಆರೋಪಿಯ ವಕೀಲರು ವಾದಿಸಿದರೆ ತನಿಖಾಧಿಕಾರಿಯ ಬಳಿ ಉತ್ತರ ಇರುವುದಿಲ್ಲ.

ಮಾಲೀಕ 24 ಗಂಟೆ ಮೊದಲೇ ನೋಟಿಸು ಕೊಟ್ಟೇ ಒಳಹೋಗಬೇಕು ಎಂದರೆ ಅಷ್ಟರಲ್ಲಿ ಎಲ್ಲವೂ ಕಕ್ಕಸಿನ ಪಾಲಾಗುತ್ತದೆ ಎಂಬ ಆಕ್ಷೇಪ ಬರುವುದು ಖಂಡಿತ. ಹುಡುಕುವ ಕೆಲಸ ಮಾಲೀಕನದೇ ಆಗಿದ್ದರೆ ಅದು ಸರಿ. ಆದರೆ 42ನೇ ಕಲಂ ಅಧಿಕಾರಿಗಳಿಗೆ ವಾರಂಟ್ ಇಲ್ಲದೆ ಒಳಹೋಗುವ ಅಧಿಕಾರ ಕೊಟ್ಟಿದೆ. ಮಾಹಿತಿಯನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು, ರಾತ್ರಿಯಾದರೆ ಕಾರಣ ದಾಖಲಿಸಬೇಕು, ಅಷ್ಟೆ. ಮಾಲೀಕನ 24 ಗಂಟೆಯ ನೋಟಿಸು ದುರಸ್ತಿ, ತಪಾಸಣೆಗಳಿಗೆ ಇರಲಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಇರುವ ವ್ಯವಸ್ಥೆಯೂ ಇದೇ. ಗುಮಾನಿಯನ್ನು ಠಾಣೆಗೆ ಬರೆದು ತಿಳಿಸಿದ ಮಾಲೀಕನಿಗೆ ರಕ್ಷಣೆ ಕೊಟ್ಟರೆ ಕಳ್ಳ ಮಾಲೀಕರು ಒಂದು ಪತ್ರ ಬರೆದಿಟ್ಟು ಪಾರಾಗುತ್ತಾರೆ ಎಂಬ ಎರಡನೆಯ ಆಕ್ಷೇಪವನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಪತ್ರಕ್ಕೆ ತಾರೀಕು ಇರುತ್ತದೆ. ಅದು ಆ ದಿನದ ನಂತರದ ಹೊಣೆಗೆ ಮಾತ್ರ ಉತ್ತರವಾಗಬೇಕು. ಅದಕ್ಕೂ ಮೊದಲು ಗೊತ್ತಿತ್ತು, ಲಾಭದಲ್ಲಿ ಪಾಲಿತ್ತು ಎಂಬುದಕ್ಕೆ ಪುರಾವೆ ಇದ್ದರೆ ಪತ್ರ ಅಡ್ಡಬರಬಾರದು. ಇನ್ನು ಬಾಡಿಗೆ ಏರಿಸಲೆಂದೋ, ಬ್ಯಾಚುಲರ್‌ಗಳು ಬೇಡವೆಂದೋ ಸುಳ್ಳು ದೂರು ಕೊಟ್ಟು ಬಂಧನವನ್ನೋ ಶೋಧವನ್ನೋ ಮಾಡಿಸುವವರಿಗೆ ಎನ್‌ಡಿಪಿಎಸ್ ಕಾಯ್ದೆಯ 58ನೇ ಕಲಂ ಎರಡು ವರ್ಷದವರೆಗೆ ಸೆರೆ ಇಟ್ಟಿದೆ. ಠಾಣೆ ಕೊಡುವ ಸ್ವೀಕೃತಿ ಪತ್ರದಲ್ಲೇ ಅದನ್ನು ಅಚ್ಚು ಹಾಕಿಸಿದರೆ ಅರ್ಧ ದೂರುಗಳು ಬಾಗಿಲಲ್ಲೇ ನಿಲ್ಲುತ್ತವೆ ಎಂಬುದು ನಮ್ಮ ಅಂದಾಜು.

ವ್ಯಸನಿಯ ವಿಷಯ ಬೇರೆ. ಅಲ್ಪ ಪ್ರಮಾಣದ ಅಥವಾ ಸೇವನೆಯ ಪ್ರಕರಣದಲ್ಲಿ ಸಿಕ್ಕಿದವನು ತಾನಾಗಿ ಮುಂದಾಗಿ ಚಿಕಿತ್ಸೆ ಪಡೆದರೆ 64ಎ ಕಲಂ ಅವನನ್ನು ವಿಚಾರಣೆಯಿಂದ ಬಿಡುತ್ತದೆ. ಚಿಕಿತ್ಸೆಗೆ ಹೋದನೆಂಬ ಕಾರಣಕ್ಕೇ ಮನೆ ಕಳೆದುಕೊಳ್ಳುವಂತಾದರೆ ಸಂಸತ್ತು ಕೊಟ್ಟ ಆ ಅವಕಾಶವನ್ನು ಯಾರು ಬಳಸಿಕೊಂಡಾರು?

ಆದ್ದರಿಂದ ಇಲಾಖೆ ಎಲ್ಲ ಠಾಣೆಗಳಿಗೆ ಸುತ್ತೋಲೆ ಹೊರಡಿಸಬೇಕು. ಮಾಲೀಕನ ಲಿಖಿತ ಮಾಹಿತಿಗೆ ಠಾಣಾಧಿಕಾರಿ ಅಂದೇ ಸ್ವೀಕೃತಿ ಕೊಡಬೇಕು. ಅಂಥ ಮಾಹಿತಿ ಕೊಟ್ಟವನನ್ನು, ಬೇರೆ ಪುರಾವೆ ಇಲ್ಲದೆ, ‘ತಿಳಿದೂ ಬಿಟ್ಟವನು’ ಎಂದು ಪರಿಗಣಿಸಬಾರದು. ಮಾಹಿತಿದಾರನ ಗುರುತನ್ನು 68ನೇ ಕಲಮಿನ ಆಶಯದಂತೆ ಕಾಪಾಡಬೇಕು. ಶೋಧದಲ್ಲಿ ಏನೂ ಸಿಗದಿದ್ದರೆ ಬಾಡಿಗೆದಾರನಿಗೆ ಹಾಗೆಂದು ಹಿಂಬರಹ ಕೊಡಬೇಕು, ಏಕೆಂದರೆ ‘ಪೊಲೀಸರು ಬಂದಿದ್ದರು’ ಎಂಬ ಮಾತೊಂದೇ ಇಡೀ ಬೀದಿಯಲ್ಲಿ ಅವನಿಗೆ ಬೇರೆ ಮನೆ ಸಿಗದಂತೆ ಮಾಡುತ್ತದೆ. ಮನೆ ಖಾಲಿ ಮಾಡಿಸಿ ಎಂದು ಪೊಲೀಸರು ಮೌಖಿಕವಾಗಿ ಹೇಳುವಂತಿಲ್ಲ. ಅಪಾರ್ಟ್‌ಮೆಂಟ್ ಸಂಘಗಳಿಗಂತೂ ಆ ಅಧಿಕಾರವೇ ಇಲ್ಲ. ತಿಂಗಳ ಬಾಡಿಗೆಯ ಕರಾರಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಡಿ 15 ದಿನಗಳ ನೋಟಿಸು ಕೊಡುವ ದಾರಿ ಮಾಲೀಕನಿಗೆ ಈಗಲೂ ತೆರೆದಿದೆ, ಅದಕ್ಕೆ ಯಾರ ಮೇಲೂ ಆರೋಪ ಹೊರಿಸಬೇಕಾಗಿಲ್ಲ ಎಂಬುದನ್ನೂ ಸುತ್ತೋಲೆಯಲ್ಲಿ ಹೇಳುವುದು ಒಳ್ಳೆಯದು.

ಜೊತೆಗೆ ಬಾಡಿಗೆ ಕಾಯ್ದೆಯ ತಿದ್ದುಪಡಿಗಾಗಿ ವಸತಿ ಮತ್ತು ಕಾನೂನು ಇಲಾಖೆಗಳಿಗೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಇಂದು ಒಂದು ಕೋಣೆ ಸಿಕ್ಕರೆ ಪುಣ್ಯ. ನೀರು, ವಿದ್ಯುತ್ ಕಡಿತದ ನಿಷೇಧ ಮತ್ತು ಅಡ್ವಾನ್ಸ್ ಹಣವನ್ನು ನಿಗದಿತ ದಿನಗಳಲ್ಲಿ ಹಿಂದಿರುಗಿಸುವ ಹೊಣೆ, ಇವೆರಡು ಎಲ್ಲ ಬಾಡಿಗೆ ಮನೆಗಳಿಗೂ ಅನ್ವಯವಾಗಬೇಕು. ಅಪರಾಧ ಸಾಬೀತಾಗುವ ಮೊದಲೇ ಹತ್ತು ತಿಂಗಳ ಅಡ್ವಾನ್ಸ್ ಮುಟ್ಟುಗೋಲು ಹಾಕಿಕೊಳ್ಳುವ ಕರಾರಿನ ಷರತ್ತನ್ನು ಅನೂರ್ಜಿತವೆಂದು ಸಾರಬೇಕು. ಸುತ್ತೋಲೆಯ ಕರಡು ಸಿದ್ಧವಾದಾಗ ಎರಡೂ ಕಡೆಯವರ ಅಹವಾಲು ಕೇಳಲು ಒಂದು ದಿನ ಗೊತ್ತುಪಡಿಸಿ, ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.


ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಮನೆ ಮಾಲೀಕರು ಮತ್ತು ಬಾಡಿಗೆದಾರರು